ಹಿಡಿಂಬೆಯ ಹಣೆಬರಹ

ರಾಕ್ಷಸರ ಕಥೆ ಓದಿದರೆ ಹೆಣ್ಣುಮಕ್ಕಳು ಕೆಡುತ್ತಾರೆ ಎಂಬ ಮಾತನ್ನು ನಾನು ಒಪ್ಪುವವಳಲ್ಲ. ಹೆಣ್ಣುಮಕ್ಕಳನ್ನು ಕೆಡಿಸುವುದು ಹಣೆಬರಹದ ಕಥೆ. ಅದನ್ನು ಅವರು ಪುಸ್ತಕ ತೆರೆದು ಓದಬೇಕಾಗಿಯೂ ಇಲ್ಲ. ತೊಟ್ಟಿಲಲ್ಲಿದ್ದಾಗ ಅಜ್ಜಿ ಹೇಳುತ್ತಾಳೆ, ಮೈನೆರೆದಾಗ ಸೋದರತ್ತೆ ಹೇಳುತ್ತಾಳೆ, ಮದುವೆಯಾದ ಮೇಲೆ ಅತ್ತೆ ಹೇಳುತ್ತಾಳೆ. ಗಂಡ ಕುಡಿದು ಬಂದ ರಾತ್ರಿ ಹೆತ್ತ ತಾಯಿಯೇ ಫೋನಿನಲ್ಲಿ ಹೇಳುತ್ತಾಳೆ: "ಏನ್ ಮಾಡಕ್ಕಾಗುತ್ತೆ ಕಣವ್ವ, ನಿನ್ ಹಣೇಲಿ ಬರೆದಿದ್ದು." ಮೂವತ್ತು ವರ್ಷ ಪಾಠ ಹೇಳಿದ ನನಗೆ ಈ ಒಂದು ವಾಕ್ಯ ಬರಿಸುವಷ್ಟು ಕೋಪವನ್ನು ಬೇರಾವ ವಾಕ್ಯವೂ ಬರಿಸುವುದಿಲ್ಲ.

ಈ ಕೋಪಕ್ಕೆ ಈಚೆಗೆ ಒಂದು ನೆಪ ಸಿಕ್ಕಿತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗಳು ರಜಕ್ಕೆ ಬಂದವಳು ಎರಡು ಇಂಗ್ಲಿಷ್ ಪುಸ್ತಕ ಬಿಟ್ಟುಹೋದಳು. ರಾಕ್ಷಸರನ್ನು ಕೊಲ್ಲುವುದನ್ನೇ ಕಸುಬು ಮಾಡಿಕೊಂಡವನೊಬ್ಬನ ಸಣ್ಣಕಥೆಗಳು. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ನಿಧಾನವಾಗಿ ಓದಿದೆ. ಒಂದನ್ನು ಶಾಲೆಗೂ ಒಯ್ದಿದ್ದೆ. ಸ್ಟಾಫ್ ರೂಮಿನ ಮೇಜಿನ ಮೇಲೆ ಅದರ ರಟ್ಟು ಕಂಡ ಹಿರಿಯ ಸಹೋದ್ಯೋಗಿಯೊಬ್ಬರು ಹುಬ್ಬು ಗಂಟಿಕ್ಕಿದರು. "ಏನ್ ಮೇಡಂ ಇದು, ದೆವ್ವ ಭೂತದ ಪುಸ್ತಕ? ಮಕ್ಕಳ ಕೈಗೆ ಇಂಥವು ಸಿಕ್ಕಿದರೆ ಮೂಢನಂಬಿಕೆ ಬೆಳೆಯಲ್ವಾ?" ಈ ಮಹನೀಯರೇ ಒಂದು ಶುಕ್ರವಾರ ಹತ್ತನೇ ತರಗತಿಯವರಿಗೆ ಹಾಲ್ ಟಿಕೆಟ್ ಹಂಚುವುದನ್ನು ಹತ್ತೂವರೆಯಿಂದ ಹನ್ನೆರಡರವರೆಗೆ ತಡೆದು ನಿಲ್ಲಿಸಿದವರು. ರಾಹುಕಾಲವಂತೆ! ಬಿಸಿಲಿನಲ್ಲಿ ಸಾಲಾಗಿ ನಿಂತ ಮಕ್ಕಳಿಗೆ ಆ ಒಂದೂವರೆ ಗಂಟೆಯಲ್ಲಿ ಏನು ಬೆಳೆಯಿತೋ ಅವರೇ ಹೇಳಬೇಕು.

ಇರಲಿ. ಪುಸ್ತಕದ ವಿಷಯಕ್ಕೆ ಬರುತ್ತೇನೆ. ಬರೆದವರು ಪೋಲೆಂಡ್ ದೇಶದ ಆಂಜೆಯ್ ಸಪ್ಕೋವ್‌ಸ್ಕಿ. 1948ರಲ್ಲಿ ಹುಟ್ಟಿದವರು, ವಿದೇಶಿ ವ್ಯಾಪಾರದ ಕೆಲಸದಲ್ಲಿದ್ದವರು. ಒಂದು ಪತ್ರಿಕೆಯ ಕಥಾಸ್ಪರ್ಧೆಗೆ ಕಳಿಸಿ 1986ರಲ್ಲಿ ಅಚ್ಚಾದ ಕಥೆಯಿಂದ ಇದೆಲ್ಲ ಶುರುವಾಯಿತು. ಗೆರಾಲ್ಟ್ ಎಂಬ ಬಿಳಿಗೂದಲಿನ ಬೇಟೆಗಾರ ಊರೂರು ತಿರುಗುತ್ತಾನೆ. ಕಾಸು ಕೊಟ್ಟವರಿಗೆ ಪಿಶಾಚಿ, ರಕ್ಕಸಗಳ ಕಾಟ ತಪ್ಪಿಸಿಕೊಡುತ್ತಾನೆ. 'ವಿಧಿಯ ಕತ್ತಿ' ಎಂದು ಹೇಳಬಹುದಾದ ಸಂಕಲನ 1992ರಲ್ಲಿ, 'ಕೊನೆಯ ಬಯಕೆ' ಎಂಬುದು 1993ರಲ್ಲಿ ಪೋಲಿಷ್ ಭಾಷೆಯಲ್ಲಿ ಬಂದವು. ಇಂಗ್ಲಿಷಿಗೆ ಬರಲು ಒಂದಕ್ಕೆ 2007, ಇನ್ನೊಂದಕ್ಕೆ 2015 ಆಯಿತು. 2019ರಿಂದ ಟಿ.ವಿ. ಧಾರಾವಾಹಿಯೂ ಆಗಿ ನಮ್ಮ ಹುಡುಗರ ಮೊಬೈಲಿಗೂ ಬಂದಿದೆ. ನಾನು ಹೊಳಲ್ಕೆರೆಯಲ್ಲಿ ಬೆಳೆದ ಕಾಲದಲ್ಲಿ 'ಚಂದಮಾಮ' ಬರುವ ದಿನ ಪುಸ್ತಕದಂಗಡಿಯ ಮುಂದೆ ಕಾಯುತ್ತಿದ್ದೆವು. ಬೇತಾಳ ಹೆಗಲೇರಿ ಕಥೆ ಹೇಳುತ್ತಿತ್ತು, ಕೊನೆಗೆ ಒಂದು ಪ್ರಶ್ನೆ ಕೇಳುತ್ತಿತ್ತು. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಾವಿರ ಹೋಳು. ಗೆರಾಲ್ಟನ ಕಥೆಗಳೂ ಅದೇ ಜಾತಿಯವು. ಕೊನೆಗೆ ಉಳಿಯುವುದು ರಾಕ್ಷಸನಲ್ಲ, ಒಂದು ಪ್ರಶ್ನೆ. ಅವುಗಳಲ್ಲಿ ಮೂರು ಕಥೆಯ ಮೂರು ಹುಡುಗಿಯರು ನನ್ನ ನಿದ್ದೆ ಕೆಡಿಸಿದರು. ಅವರ ಬಗ್ಗೆ ನಾನು ನಮ್ಮ ಹೆಂಗಸರೊಂದಿಗೆ ಮಾತಾಡಲೇಬೇಕು.

ಮೊದಲನೆಯವಳು ಹುಟ್ಟುವ ಮೊದಲೇ ಸತ್ತವಳು. ರಾಜನೊಬ್ಬ ಒಡಹುಟ್ಟಿದ ತಂಗಿಯನ್ನೇ ಕೂಡಿದ. ಬಸುರಿ ಸತ್ತಳು, ಮಗುವನ್ನೂ ಜೊತೆಗೇ ಹೂಳಿದರು. ವರ್ಷಗಳ ನಂತರ ಆ ಹೆಣ್ಣುಮಗು ಗೋರಿಯೊಳಗೆ ಬೆಳೆದು, ರಕ್ತ ಕುಡಿಯುವ ಪಿಶಾಚಿಯಾಗಿ ಹೊರಗೆ ಬರುತ್ತದೆ. ತಪ್ಪು ಅಪ್ಪನದು, ಕೋರೆಹಲ್ಲು ಮೂಡಿದ್ದು ಮಗಳಿಗೆ. ಮಂತ್ರಿಗಳೆಲ್ಲ ಕೊಂದುಬಿಡಿ ಎನ್ನುತ್ತಾರೆ. ಬೇಟೆಗಾರ ಮಾತ್ರ ಕೊಲ್ಲುವುದಿಲ್ಲ. ಒಂದು ಇಡೀ ರಾತ್ರಿ ಅವಳು ಹಿಂದಿರುಗಿ ಗೋರಿಯೊಳಕ್ಕೆ ಸೇರದಂತೆ ತಡೆದು, ಮೂರನೆಯ ಕೋಳಿ ಕೂಗುವವರೆಗೆ ಕಾದು, ಮೈಯೆಲ್ಲ ಗಾಯ ಮಾಡಿಕೊಂಡು ಅವಳನ್ನು ಮನುಷ್ಯಳನ್ನಾಗಿ ಮಾಡುತ್ತಾನೆ.

ಇದನ್ನು ಓದುವಾಗ ನನಗೆ ನೆನಪಾದದ್ದು ನಾನು ಹಿರಿಯೂರು ತಾಲ್ಲೂಕಿನಲ್ಲಿ ಕೆಲಸದಲ್ಲಿದ್ದಾಗಿನ ಹಾಜರಿ ಪುಸ್ತಕ. ಗೊಲ್ಲರಹಟ್ಟಿಯಿಂದ ಬರುತ್ತಿದ್ದ ಹುಡುಗಿಯರ ಹೆಸರಿನ ಮುಂದೆ ತಿಂಗಳು ತಿಂಗಳೂ ಮೂರೋ ನಾಲ್ಕೋ ಗೈರುಹಾಜರಿ. ಹೊಟ್ಟೆನೋವೇ ಎಂದರೆ ತಲೆ ತಗ್ಗಿಸುತ್ತಿದ್ದರು. ಹಟ್ಟಿಯ ಹೊರಗೆ ಗುಡಿಸಲಲ್ಲೋ ಮರದ ಕೆಳಗೋ ಆ ದಿನಗಳನ್ನು ಕಳೆಯಬೇಕು, ಒಳಗೆ ಬಂದರೆ ದೇವರಿಗೆ ಮೈಲಿಗೆ. ಹದಿಮೂರು ವರ್ಷದ ಮಗು, ಮಳೆಯಲ್ಲಿ ನೆನೆದು ಕೆಮ್ಮುತ್ತಾ ಶಾಲೆಗೆ ಬಂದಾಗ ಅವಳಿಂದ ಯಾವ ದೇವರಿಗೆ ಏನು ಅಪಾಯವಿತ್ತು? ಈಗ ಆ ಹಟ್ಟಿಗಳಲ್ಲೇ ಓದಿದ ಹೆಣ್ಣುಮಕ್ಕಳು ಹೊರಗೆ ಹೋಗುವುದಿಲ್ಲ ಎಂದು ಹಟ ಹಿಡಿಯುತ್ತಿದ್ದಾರೆ. ಹಟ್ಟಿಯವರನ್ನು ಮಾತ್ರ ಅಂದು ಪ್ರಯೋಜನವೂ ಇಲ್ಲ. ನಮ್ಮ ಪೇಟೆಯ ಮನೆಗಳಲ್ಲಿ ಎಂ.ಎಸ್ಸಿ. ಓದಿದ ಸೊಸೆ ಮೂರು ದಿನ ಬಾಗಿಲ ಹಿಂದೆ ಚಾಪೆ ಹಾಸಿಕೊಳ್ಳುವುದಿಲ್ಲವೇ? ಗುಡಿಸಲಿನ ಬದಲು ಫ್ಯಾನ್ ಇರುವ ರೂಮು, ಅಷ್ಟೇ.

ಎರಡನೆಯವಳ ಹೆಸರು ರೆನ್‌ಫ್ರಿ. ಅವಳ ಕಥೆ ಓದಿದರೆ ನಮ್ಮ ಪಂಚಾಂಗದವರು ಬರೆದದ್ದೇನೋ ಅನ್ನಿಸಬೇಕು. ಸೂರ್ಯಗ್ರಹಣದ ನಂತರ ಹುಟ್ಟುವ ಅರವತ್ತು ಹೆಣ್ಣುಮಕ್ಕಳು ಲೋಕಕ್ಕೆ ಕಂಟಕ ಎಂದು ಯಾವನೋ ತಲೆಕೆಟ್ಟ ಮಾಂತ್ರಿಕ ಹೇಳಿರುತ್ತಾನೆ. ಸರಿ, ಉಳಿದ ಮಾಂತ್ರಿಕರು ಅಂಥ ಹುಡುಗಿಯರನ್ನು ಹುಡುಕಿ ಹುಡುಕಿ ಗೋಪುರಗಳಲ್ಲಿ ಕೂಡಿಹಾಕುತ್ತಾರೆ. ಹಲವರು ಅಲ್ಲೇ ಸಾಯುತ್ತಾರೆ. ರಾಜಕುಮಾರಿ ರೆನ್‌ಫ್ರಿಯನ್ನು ಕಾಡಿಗೆ ಕರೆದೊಯ್ದು ಕೊಲ್ಲಲು ಮಲತಾಯಿ ಆಳು ಕಳಿಸುತ್ತಾಳೆ. ಅವನು ಅವಳ ಮಾನ ಕಳೆಯುತ್ತಾನೆ. ಅವಳು ಅವನನ್ನು ಕೊಂದು, ದರೋಡೆಕೋರಳಾಗಿ ಬದುಕಿ, ಕೊನೆಗೆ ಕತ್ತಿ ಹಿಡಿದು ಮಾಂತ್ರಿಕನನ್ನು ಹುಡುಕಿಕೊಂಡು ಬರುತ್ತಾಳೆ. "ನೋಡಿದಿರಾ, ನಾನು ಹೇಳಿರಲಿಲ್ಲವೇ ಇವಳು ರಾಕ್ಷಸಿಯೆಂದು?" ಎಂಬ ಧಾಟಿ ಮಾಂತ್ರಿಕನದು. ಹುಟ್ಟಿದಾಗಿನಿಂದ ಬೆನ್ನಟ್ಟಿ ಹೊಡೆದರೆ ದನವೂ ಹಾಯುತ್ತದೆ. ಹಾಯ್ದ ಮೇಲೆ, ಇದರ ಸುಳಿ ಸರಿಯಿರಲಿಲ್ಲ ಎನ್ನುವುದು ಎಂಥ ನ್ಯಾಯ? ಆ ಕಥೆಯಲ್ಲಿ ಗೆರಾಲ್ಟನೇ ಅವಳನ್ನು ಸಂತೆ ಬೀದಿಯಲ್ಲಿ ಕೊಲ್ಲುತ್ತಾನೆ. ಅವಳ ಹೆಣ ಕೊಯ್ದು ರಾಕ್ಷಸಿಯೆಂದು ರುಜುವಾತು ಮಾಡುತ್ತೇನೆ ಎಂದ ಮಾಂತ್ರಿಕನಿಗೆ ಮುಟ್ಟಗೊಡುವುದಿಲ್ಲ. ಅವಳು ನಿಜಕ್ಕೂ ಏನಾಗಿದ್ದಳು ಎಂದು ನಮಗೆ ಗೊತ್ತಾಗುವುದೇ ಇಲ್ಲ. ಊರವರು ಮಾತ್ರ ಕಲ್ಲು ಬೀರುತ್ತಾರೆ.

ನಮ್ಮಲ್ಲಿ ಗೋಪುರಗಳಿಲ್ಲ, ಜಾತಕಗಳಿವೆ. ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಕಂಟಕ. ಆಶ್ಲೇಷದವಳು ಅತ್ತೆಗೆ. ಜ್ಯೇಷ್ಠದವಳು ಭಾವನಿಗೆ, ವಿಶಾಖದವಳು ಮೈದುನನಿಗೆ. ಇಪ್ಪತ್ತೇಳರಲ್ಲಿ ನಾಲ್ಕು ಹೀಗೆ ಹೋದವು. ಮಿಕ್ಕವರಿಗೆ ಕುಜದೋಷ ಇದ್ದೇ ಇದೆ. ಗಂಡಸಿನ ನಕ್ಷತ್ರದಿಂದ ಅತ್ತೆ ಸತ್ತಳು, ನಾದಿನಿ ಸತ್ತಳು ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಗಂಡು ಮೂಲಾದಲ್ಲಿ ಹುಟ್ಟಿದರೆ ಅರಸು, ಹೆಣ್ಣು ಹುಟ್ಟಿದರೆ ನಿರ್ಮೂಲ ಎಂದು ತಮಿಳರಲ್ಲಿ ಗಾದೆಯೇ ಇದೆಯಂತೆ. ಒಂದೇ ನಕ್ಷತ್ರ, ಒಂದೇ ಗಳಿಗೆ, ಎರಡು ತೀರ್ಪು!

ಮೂಲಾ ಎಂದರೆ ವೃಶ್ಚಿಕದ ಬಾಲದ ತುದಿಯ ಚುಕ್ಕಿಗಳು. ಬೇಸಗೆಯ ರಾತ್ರಿ ದಕ್ಷಿಣಕ್ಕೆ ನೋಡಿದರೆ ಕೊಂಡಿ ಮಡಚಿಕೊಂಡ ಚೇಳಿನಂತೆಯೇ ಕಾಣುತ್ತವೆ, ಬಲು ಚೆಂದ. ಅಲ್ಲಿಂದ ಹೊರಟ ಬೆಳಕು ನಮ್ಮ ಕಣ್ಣಿಗೆ ಮುಟ್ಟಲು ನೂರಾರು ವರ್ಷ ಬೇಕು. ಮದಕರಿನಾಯಕರಿಗಿಂತ ಹಿಂದೆಯೇ ಹೊರಟ ಬೆಳಕದು. ಅದು ನಮ್ಮ ಬೀದಿಯ ಹುಡುಗಿಯೊಬ್ಬಳ ಇನ್ನೂ ಗೊತ್ತಾಗದ ಮಾವನನ್ನು ಹುಡುಕಿಕೊಂಡು ಹೊರಟಿತ್ತು ಎಂದು ನಂಬಬೇಕು. ಆ ಹುಡುಗಿಗೆ ಇಪ್ಪತ್ತೆಂಟು ದಾಟಿತು, ಹನ್ನೊಂದು ಕಡೆ ಜಾತಕ ಹಿಂದಿರುಗಿತು. ಕೊನೆಗೆ ಅವಳ ಅಪ್ಪ ಇನ್ನೊಬ್ಬರ ಹತ್ತಿರ ಹೋಗಿ ಐನೂರು ರೂಪಾಯಿ ಕೊಟ್ಟು ಬೇರೆ ಜಾತಕ ಬರೆಸಿಕೊಂಡು ಬಂದರು. ಮೂಲಾ ಹೋಗಿ ಇನ್ನೊಂದು ನಕ್ಷತ್ರವಾಯಿತು. ಮದುವೆಯಾಯಿತು. ಮಾವ ಗಟ್ಟಿಮುಟ್ಟಾಗಿದ್ದಾರೆ, ದಿನವೂ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ. ಬ್ರಹ್ಮ ಬರೆದದ್ದನ್ನು ಅಳಿಸಲಾಗದು ಎನ್ನುವವರು ಈ ಐನೂರು ರೂಪಾಯಿಯ ಲೆಕ್ಕ ಕೊಡಲಿ.

ಮೂಢ ಆಚರಣೆಗಳ ವಿರುದ್ಧ ನಮ್ಮ ರಾಜ್ಯದಲ್ಲಿ 2017ರಲ್ಲಿ ಒಂದು ಕಾಯಿದೆ ಆಯಿತು, 2020ರಲ್ಲಿ ಜಾರಿಗೆ ಬಂತು. ಮುಟ್ಟು, ಹೆರಿಗೆಯ ಹೆಸರಿನಲ್ಲಿ ಹೆಂಗಸರನ್ನು ಊರ ಹೊರಗೆ ಇಡುವುದನ್ನು ಅದು ನಿಷೇಧಿಸಿತು, ಸಂತೋಷ. ಜ್ಯೋತಿಷಿಗಳ ಸಲಹೆಯನ್ನು ಮಾತ್ರ ಕೈಬಿಟ್ಟಿತು. ಹುಡುಗಿಯನ್ನು ಗುಡಿಸಲಿಗೆ ತಳ್ಳಿದರೆ ತಪ್ಪು, ಜಾತಕದೊಳಗೆ ಕೂಡಿಹಾಕಿದರೆ ತಪ್ಪಲ್ಲ.

ಮೂರನೆಯವಳೇ ನನ್ನನ್ನು ಹೆಚ್ಚು ಕಾಡಿದವಳು. ಪವೆಟ್ಟಾ ಎಂಬ ರಾಜಕುಮಾರಿ. ಅವಳಪ್ಪ ಹಿಂದೆ ಪ್ರಾಣಾಪಾಯದಲ್ಲಿದ್ದಾಗ ಅಪರಿಚಿತನೊಬ್ಬ ಕಾಪಾಡಿರುತ್ತಾನೆ. ಪ್ರತಿಫಲವೇನು ಬೇಕೆಂದರೆ, "ನಿನ್ನ ಮನೆಯಲ್ಲಿ ನಿನಗೇ ಗೊತ್ತಿಲ್ಲದೆ ಇರುವುದನ್ನು ಕೊಡು" ಎಂದು ಕೇಳುತ್ತಾನೆ. ರಾಜ ಹೂಂ ಅಂದು ಮನೆಗೆ ಬಂದರೆ ಹೆಣ್ಣುಮಗು. ಹದಿನೈದು ವರ್ಷವಾದ ಮೇಲೆ, ಹುಟ್ಟುಹಬ್ಬದ ಔತಣದಲ್ಲಿ, ಆ ಮನುಷ್ಯ ಮುಖ ಮುಚ್ಚಿಕೊಂಡು ಬಂದು ನನ್ನದನ್ನು ನನಗೆ ಕೊಡಿ ಎನ್ನುತ್ತಾನೆ. ಸಭೆಯಲ್ಲಿ ದೊಡ್ಡ ಚರ್ಚೆ. ಮಾತಿಗೆ ತಪ್ಪಬಹುದೇ? ವಿಧಿಯನ್ನು ಮೀರಬಹುದೇ? ಮೀರಿದರೆ ರಾಜ್ಯಕ್ಕೆ ಕೇಡಲ್ಲವೇ? ಪುಟಗಟ್ಟಲೆ ಮಾತು. ಹುಡುಗಿ ತಲೆ ತಗ್ಗಿಸಿ ಕೂತಿರುತ್ತಾಳೆ.

ಹದಿನೈದು! ನಾನು ದಿನವೂ ನೋಡುವ ವಯಸ್ಸು ಅದು. ಎರಡು ಜಡೆ, ನೀಲಿ ಯೂನಿಫಾರಂ, ಗಣಿತಕ್ಕೆ ಹೆದರಿಕೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವುದು ಏಪ್ರಿಲ್ ಹೊತ್ತಿಗೆ, ಮದುವೆಗಳ ಕಾಲವೂ ಅದೇ. ಫಲಿತಾಂಶ ಬಂದು ಪಿ.ಯು.ಸಿ. ಸೇರುವ ಹೊತ್ತಿಗೆ ಎಷ್ಟು ಹುಡುಗಿಯರು ಲೆಕ್ಕಕ್ಕೆ ಸಿಗದೆ ಹೋಗುತ್ತಾರೆ ಎಂಬುದು ಹಳ್ಳಿ ಶಾಲೆಯಲ್ಲಿ ಕೆಲಸ ಮಾಡಿದ ಯಾವ ಮೇಷ್ಟರನ್ನು ಕೇಳಿದರೂ ಗೊತ್ತಾಗುತ್ತದೆ.

ಹೊಸದುರ್ಗ ತಾಲ್ಲೂಕಿನಲ್ಲಿದ್ದಾಗ ಒಬ್ಬಳಿದ್ದಳು. ಜಾಣೆ. ಸೋದರಮಾವನಿಗೆ ಕೊಡುವುದೆಂದು ತೊಟ್ಟಿಲಲ್ಲೇ ಮಾತಾಗಿತ್ತು. ಅಜ್ಜಿ ಸಾಯುವಾಗ ಮಗಳ ಕೈ ಹಿಡಿದು ಮಾತು ತೆಗೆದುಕೊಂಡಿದ್ದಳಂತೆ. ಮದುವೆ ನಿಲ್ಲಿಸಿ ಎಂದು ನಾನು ಮನೆಗೆ ಹೋದಾಗ ತಾಯಿ ಸೆರಗು ಬಾಯಿಗಿಟ್ಟು ಅತ್ತಳು. "ಸತ್ತೋರಿಗೆ ಕೊಟ್ಟ ಮಾತು ಮೇಡಂ. ಅದೂ ಅಲ್ದೆ ಹಾಲುರಾಮೇಶ್ವರಕ್ಕೆ ಹೋಗಿ ಕೇಳ್ಕೊಂಡು ಬಂದೀವಿ, ಪ್ರಸಾದ ಚೆನ್ನಾಗಿ ಬಂತು." ಹೊಸದುರ್ಗದ ಕಡೆಯವರಿಗೆ ಗೊತ್ತು, ಅಲ್ಲಿನ ಗಂಗೆಯ ಕೊಳದಲ್ಲಿ ಬೇಡಿಕೊಂಡವರಿಗೆ ಕಾಯಿಯೋ ಹಣ್ಣೋ ಕುಂಕುಮವೋ ನೀರಿನಿಂದ ಮೇಲೆ ಬರುತ್ತದೆ ಎಂಬ ನಂಬಿಕೆ ಇದೆ. ನಾನು ಆ ದೇವರನ್ನು ಅನ್ನುವುದಿಲ್ಲ, ನಾನೂ ಕೈಮುಗಿದು ಬಂದವಳೇ. ಕೊಳವನ್ನು ಕೇಳಿದಿರಿ, ಸತ್ತ ಅಜ್ಜಿಯನ್ನು ಕೇಳಿದಿರಿ, ಮಾವನನ್ನೂ ಕೇಳಿದಿರಿ. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಾ ನಮ್ಮ ಮಾತಿಗೆ ಕಿವಿಗೊಟ್ಟಿದ್ದಾಳಲ್ಲ, ಅವಳನ್ನು ಒಮ್ಮೆ ಕೇಳಿದಿರಾ ಎಂದೆ. ತಾಯಿ ನನ್ನನ್ನು ವಿಚಿತ್ರವಾಗಿ ನೋಡಿದಳು, ಅಕ್ಕಿಯನ್ನು ಕೇಳಿ ಅನ್ನ ಮಾಡಿದಿರಾ ಎಂದು ನಾನು ಕೇಳಿದ ಹಾಗೆ.

ಮದುವೆ ನಿಲ್ಲಲಿಲ್ಲ, ಮುಂದಕ್ಕೆ ಹೋಯಿತು. ಕಾಯಿದೆಯ ಹೆಸರು ಹೇಳಿದ್ದಕ್ಕೆ ಅಪ್ಪ ಹೆದರಿದ. ಹುಡುಗಿ ಪಿ.ಯು.ಸಿ. ಮುಗಿಸಿದಳು. ಹತ್ತೊಂಬತ್ತಕ್ಕೆ ಅದೇ ಮಾವನನ್ನೇ ಮದುವೆಯಾದಳು. ಎಷ್ಟೋ ವರ್ಷದ ಮೇಲೆ ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಮಗು ಎತ್ತಿಕೊಂಡು ಸಿಕ್ಕಾಗ ಅವಳು ಹೇಳಿದ ಮಾತು ಇದು: "ಮಾವ ಒಳ್ಳೆಯೋರೇ ಮಿಸ್. ಕೇಳಿದ್ದಿದ್ರೆ ನಾನೇ ಹೂಂ ಅಂತಿದ್ನೇನೋ. ಯಾರೂ ಕೇಳ್ಲಿಲ್ಲ."

ಪವೆಟ್ಟಾಳ ಕಥೆಯಲ್ಲೂ ಇದೇ ಗುಟ್ಟು. ಅವಳಿಗೆ ಆ ಅಪರಿಚಿತ ಮೊದಲೇ ಗೊತ್ತು, ಅವನ ಮೇಲೆ ಮನಸ್ಸೂ ಇದೆ. ಸಭೆಯಲ್ಲಿ ಅಷ್ಟೆಲ್ಲ ಚರ್ಚೆಯಾದ ಮೇಲೆ ತಾಯಿ ಕೇಳುತ್ತಾಳೆ, ಹೋಗುತ್ತೀಯಾ ಎಂದು. ಹೋಗುತ್ತೇನೆ ಎನ್ನುತ್ತಾಳೆ. ಒಂದು ಪ್ರಶ್ನೆಗೆ ಅಷ್ಟು ತಡವೇಕೆ? ಕೇಳಿದರೆ ಅವಳು ಉಹೂಂ ಅಂದುಬಿಟ್ಟಾಳು ಎಂಬ ಭಯ. ಆ ಭಯಕ್ಕೇ ನಾವು ಹಣೆಬರಹವೆಂದು ಹೆಸರಿಟ್ಟಿದ್ದೇವೆ. ಹಣೆಯ ಮೇಲೆ ಬರೆದವನು ಬ್ರಹ್ಮನಲ್ಲ, ಅಪ್ಪ. ಅವನು ಯಾರಿಗೋ ಕೊಟ್ಟ ಮಾತು. ಬ್ರಹ್ಮನ ಹೆಸರು ಬಳಸುವುದು ಪ್ರಶ್ನೆ ಕೇಳದಿರಲಿ ಎಂದು.

ಗಂಡಸಿನ ಮಾತು ಉಳಿಯಲು ಹೆಂಗಸನ್ನು ಕೊಡುವುದು ಪೋಲೆಂಡಿನ ಕಥೆ ಮಾತ್ರವಲ್ಲ. ಹರಿಶ್ಚಂದ್ರನ ಸತ್ಯಕ್ಕೆ ಚಂದ್ರಮತಿ ಮಾರಾಟವಾದಳು. ಕೆರೆಯಲ್ಲಿ ನೀರು ಬರಲೆಂದು ಕಿರಿಸೊಸೆ ಭಾಗೀರಥಿ ಹಾರವಾದಳು. ಬಕಾಸುರನ ಕಥೆ ನೆನಪಿದೆಯಲ್ಲ, ಅದು ನಡೆದ ಏಕಚಕ್ರನಗರ ನಮ್ಮ ಚಿಂತಾಮಣಿ ಬಳಿಯ ಕೈವಾರವೆಂದೇ ಜನ ನಂಬುತ್ತಾರೆ. ಬಂಡಿ ಅನ್ನದ ಜೊತೆ ರಾಕ್ಷಸನಿಗೆ ಯಾರು ಹೋಗಬೇಕೆಂಬ ಸರದಿ ಬ್ರಾಹ್ಮಣನ ಮನೆಗೆ ಬಂದಾಗ ಮಹಾಭಾರತದಲ್ಲಿ ಅವನ ಮಗಳು ಒಂದು ಮಾತಾಡುತ್ತಾಳೆ. ಹೇಗೂ ಒಂದು ದಿನ ನನ್ನನ್ನು ಕೊಟ್ಟುಬಿಡಬೇಕಾದವರೇ ನೀವು, ಈಗಲೇ ಕೊಟ್ಟು ಉಳಿದವರನ್ನು ಉಳಿಸಿಕೊಳ್ಳಿ ಎಂಬರ್ಥದ ಮಾತು. ಹೊರಗೆ ಕೊಡುವುದು, ರಾಕ್ಷಸನಿಗೆ ಕೊಡುವುದು ಎರಡೂ ಆ ಮಗುವಿನ ಬಾಯಲ್ಲಿ ಒಂದೇ ಆಗಿಬಿಟ್ಟವು. ಸರದಿಯನ್ನು ಮುರಿದವಳು ಕುಂತಿ. ಭೀಮನನ್ನು ಕಳಿಸುತ್ತೇನೆ ಅಂದಳು, ಅಷ್ಟೇ. ಊರವರಿಗೆ ಅಷ್ಟು ವರ್ಷ ವಿಧಿಯಾಗಿ ಕಂಡದ್ದು ಒಂದೇ ದಿನಕ್ಕೆ ಮುಗಿಯಿತು.

ಅದೇ ಕುಂತಿ, ಅದೇ ಭೀಮ, ಇನ್ನೊಬ್ಬಳಿಗೆ ಏನು ಮಾಡಿದರು ಎಂಬುದಕ್ಕೆ ಸಾಕ್ಷಿ ನಮ್ಮ ಚಿತ್ರದುರ್ಗದ ಬೆಟ್ಟದ ಮೇಲಿದೆ. ಕೋಟೆ ನೋಡಿದವರೆಲ್ಲ ಹಿಡಿಂಬೇಶ್ವರ ದೇವಸ್ಥಾನ ಕಂಡಿರುತ್ತೀರಿ. ಭೀಮ ಹಿಡಿಂಬನನ್ನು ಕೊಂದದ್ದು ಈ ಬೆಟ್ಟದಲ್ಲೇ ಎಂದು ಪ್ರತೀತಿ. ಹಿಡಿಂಬನ ಹಲ್ಲು ಎಂದು ಒಂದು ಭಾರಿ ಮೂಳೆಯನ್ನೂ, ಭೀಮನ ಭೇರಿ ಎಂದು ಕಬ್ಬಿಣದ ತಗಡಿನ ಆಳೆತ್ತರದ ನಗಾರಿಯನ್ನೂ ತೋರಿಸುವುದುಂಟು. ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಹುಡುಗರು ಹಲ್ಲಿನ ಸುತ್ತ ಮುತ್ತಿಕೊಳ್ಳುತ್ತಾರೆ. ಒಂದು ವರ್ಷ ಎಂಟನೇ ತರಗತಿಯ ಹುಡುಗಿಯೊಬ್ಬಳು ನನ್ನ ಸೆರಗು ಜಗ್ಗಿ, "ಮಿಸ್, ಹಿಡಿಂಬೆದು ಏನಿದೆ?" ಎಂದಳು.

ಏನೂ ಇಲ್ಲ. ಸತ್ತ ಅಣ್ಣನ ಹಲ್ಲಿದೆ, ಕೊಂದವನ ನಗಾರಿ ಇದೆ. ನಡುವೆ ನಿಂತಿದ್ದ ಹೆಣ್ಣಿನದು ಒಂದು ಬಳೆ ಚೂರೂ ಇಲ್ಲ. ಅವಳ ಕಥೆಯನ್ನು ಒಮ್ಮೆ ಅವಳ ಕಡೆಯಿಂದ ನೋಡಿ. ಅಣ್ಣ ಮಲಗಿದ್ದವರನ್ನು ಕೊಂದು ತಾ ಎಂದು ಕಳಿಸಿದ. ಅವಳು ಕೊಲ್ಲಲಿಲ್ಲ, ಎದುರು ನಿಂತು ಅಪಾಯವಿದೆ ಎಂದು ಎಚ್ಚರಿಸಿದಳು. ಇಷ್ಟಪಟ್ಟವನನ್ನು ಬಾಯಿಬಿಟ್ಟು ಕೇಳಿದಳು. ಅಣ್ಣನನ್ನು ಕೊಂದ ಭೀಮ ಅವಳನ್ನೂ ಕೊಲ್ಲಲು ಹೊರಟ, ಧರ್ಮರಾಯ ತಡೆದ. ಮಗ ಹುಟ್ಟುವ ತನಕ ಜೊತೆಗಿರು ಎಂದು ಒಪ್ಪಂದ. ಮಗ ಹುಟ್ಟಿದ, ಪಾಂಡವರು ಹೊರಟರು. ಮಗ ಬೆಳೆದ ಮೇಲೆ ನೆನಪಾಯಿತು, ಯುದ್ಧಕ್ಕೆ ಬೇಕಿತ್ತಲ್ಲ! ಅರ್ಜುನನಿಗೆಂದು ಕರ್ಣ ಇಟ್ಟುಕೊಂಡಿದ್ದ ಶಕ್ತ್ಯಾಯುಧ ಘಟೋತ್ಕಚನ ಎದೆಗೆ ಬಿತ್ತು, ಶ್ರೀಕೃಷ್ಣ ಸಂತೋಷದಿಂದ ಕುಣಿದ. ಕಾಡಿನಲ್ಲಿದ್ದ ತಾಯಿಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಗೆದ್ದ ಕಡೆಯ ಲೆಕ್ಕದಲ್ಲಿ ಇದು ವಿಧಿಲೀಲೆ. ಇದನ್ನೇ ಹಿಮಾಚಲದ ಮನಾಲಿಯವರು ಬೇರೆ ಥರ ಹೇಳುತ್ತಾರೆ. ಅಲ್ಲಿ 1553ರಲ್ಲಿ ಕಟ್ಟಿದ ಮರದ ದೇವಸ್ಥಾನದಲ್ಲಿ ಹಿಡಿಂಬೆಯೇ ದೇವಿ. ಕುಲ್ಲು ರಾಜಮನೆತನಕ್ಕೆ ಅಜ್ಜಿ. ಅವಳು ಬರದೆ ಅಲ್ಲಿನ ದಸರಾ ಶುರುವಾಗುವುದಿಲ್ಲ. ಅದೇ ಹೆಂಗಸು, ಅದೇ ಹಣೆ. ಒಂದು ಊರಿನಲ್ಲಿ ದೇವಿ, ಇನ್ನೊಂದು ಊರಿನಲ್ಲಿ ಹೆಸರಿಲ್ಲ. ಬರಹ ಹಣೆಯ ಮೇಲಿತ್ತೋ, ಊರವರ ಬಾಯಲ್ಲಿತ್ತೋ ನೀವೇ ಹೇಳಿ.

ಸಪ್ಕೋವ್‌ಸ್ಕಿ ಮಹಾಶಯರನ್ನೂ ನಾನು ಸುಮ್ಮನೆ ಬಿಡುವುದಿಲ್ಲ. ರಾಕ್ಷಸ ಯಾರು ಎಂದು 'ಕೊನೆಯ ಬಯಕೆ'ಯ ಉದ್ದಕ್ಕೂ ಚೆನ್ನಾಗಿ ಕೇಳಿದವರು, ವಿಧಿ ಯಾರದು ಎಂದು ಕೇಳುವಾಗ ಜಾರಿಕೊಳ್ಳುತ್ತಾರೆ. ಪುಸ್ತಕಕ್ಕೆ ಹೆಸರು ಕೊಟ್ಟ ಕಥೆಯನ್ನೇ ನೋಡಿ. ಗೆರಾಲ್ಟನಿಗೆ ಭೂತವೊಂದರಿಂದ ಒಂದು ಬಯಕೆ ಸಿಗುತ್ತದೆ, ಅದರಿಂದ ಮಾಂತ್ರಿಕಳೊಬ್ಬಳ ಬಾಳಿಗೆ ತನ್ನ ಬಾಳನ್ನು ಗಂಟು ಹಾಕಿಕೊಳ್ಳುತ್ತಾನೆ. ಅಂದರೆ ಗಂಡಸು ತನ್ನ ವಿಧಿಯನ್ನು ತಾನೇ ಬಾಯಾರೆ ಕೇಳಿ ಪಡೆಯುತ್ತಾನೆ, ಅವಳದನ್ನೂ ಸೇರಿಸಿ. ಪವೆಟ್ಟಾಳ ಸಭೆಯಲ್ಲೂ ಅಷ್ಟೇ. ಎಲ್ಲ ಮುಗಿದ ಮೇಲೆ ಇವನೂ ಅದೇ ಪ್ರತಿಫಲ ಕೇಳುತ್ತಾನೆ, ಅವಳ ಹೊಟ್ಟೆಯಲ್ಲಿ ಮಗುವಿರುತ್ತದೆ. ಒಬ್ಬಳಿಗೆ ಬಿಡುಗಡೆಯಾದ ಗಳಿಗೆಯಲ್ಲೇ ಅವಳ ಮಗಳು ಒತ್ತೆ! ಮುಂದಿನ ಸಂಕಲನದ ಕೊನೆಗೆ ಆ ಹುಡುಗಿ ಎಲ್ಲವನ್ನೂ ಕಳೆದುಕೊಂಡು ವ್ಯಾಪಾರಿಯೊಬ್ಬನ ಮನೆಯಲ್ಲಿ ಇವನಿಗೆ ಸಿಕ್ಕಾಗ ಕಣ್ಣು ಒದ್ದೆಯಾಗುವುದು ನಿಜ, ನನ್ನದೂ ಆಯಿತು. ಆದರೆ ಅದನ್ನು ವಿಧಿಯ ಗೆಲುವೆಂದು ಒಪ್ಪಿಕೊಳ್ಳಲು ನಾನು ತಯಾರಿಲ್ಲ. ಅವಳನ್ನು ಒಳಗೆ ಕರೆದು ಊಟ ಹಾಕಿ ಇಟ್ಟುಕೊಂಡದ್ದು ಆ ಮನೆಯ ಹೆಂಗಸು. ಅವಳು ಬಾಗಿಲು ಹಾಕಿಕೊಂಡಿದ್ದರೆ ವಿಧಿ ಏನು ಮಾಡುತ್ತಿತ್ತು?

ನಮ್ಮ ಜಿಲ್ಲೆಯಲ್ಲಿ ವಿಧಿಗೆ ಬಾಗಿಲು ಹಾಕಿದ ಹೆಂಗಸರಿಲ್ಲವೇ? ಓಬವ್ವನನ್ನು ಎಲ್ಲರೂ ಹೇಳುತ್ತಾರೆ, 2021ರಿಂದ ಸರ್ಕಾರವೇ ಅವಳ ಜಯಂತಿ ಮಾಡುತ್ತದೆ. ನವೆಂಬರ್ 11ಕ್ಕೆ ನಮ್ಮ ಹುಡುಗಿಯರಿಗೆ ಕಚ್ಚೆ ಸೀರೆ ಉಡಿಸಿ ಕೈಗೆ ಒನಕೆ ಕೊಟ್ಟು ಫೋಟೋ ತೆಗೆಯುತ್ತೇವೆ. ಗಂಡ ಊಟಕ್ಕೆ ಕೂತಿದ್ದಾನೆ, ಕಿಂಡಿಯಲ್ಲಿ ಶತ್ರು ತಲೆ ಹಾಕಿದ್ದಾನೆ, ಆ ಹೊತ್ತಿನಲ್ಲಿ ಅವಳು ರಾಹುಕಾಲ ನೋಡಲಿಲ್ಲ ಎಂಬುದನ್ನು ಮಾತ್ರ ಭಾಷಣದಲ್ಲಿ ಯಾರೂ ಹೇಳುವುದಿಲ್ಲ. ಇನ್ನೊಬ್ಬರು ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೆಸರು ಕೊಟ್ಟ ಮಹಾರಾಣಿ. 1894ರ ಕೊನೆಗೆ ಗಂಡ ಹೋದಾಗ ಅವರಿಗೆ ಮೂವತ್ತೂ ಆಗಿರಲಿಲ್ಲ. ಆ ಕಾಲದ ಲೆಕ್ಕದಲ್ಲಿ ಮುಂದೆ ಬಂದರೆ ಅಪಶಕುನ ಎನ್ನಿಸಿಕೊಳ್ಳುವ ಹಣೆ. ಅವರೇ 1902ರವರೆಗೆ ಮೈಸೂರನ್ನು ಆಳಿದರು. ಕಣಿವೆಗೆ ಅಡ್ಡಲಾಗಿ ಎದ್ದ ಕಟ್ಟೆ 1907ರಲ್ಲಿ ಮುಗಿಯಿತು. 1933ರ ನಂತರ ಅದು ಕೋಡಿ ಬೀಳಲಿಲ್ಲವೆಂದು ಅದಕ್ಕೂ ಹಣೆಬರಹ ಕಟ್ಟಿದ್ದೆವು. ಭದ್ರೆಯ ನೀರು ಹರಿಯಿತು, ಮಳೆಯೂ ಸುರಿಯಿತು, 2022ರಲ್ಲಿ ಕೋಡಿ ಬಿತ್ತು. ನೋಡಲು ಹೋದ ಜಾತ್ರೆಯಲ್ಲಿ ನಾನೂ ಇದ್ದೆ.

ಹೆಣ್ಣುಮಕ್ಕಳ ಮದುವೆಯ ವಯಸ್ಸೂ ಹಾಗೆಯೇ ಒಂದೊಂದು ಮೆಟ್ಟಿಲು ಹತ್ತಿದ್ದು. ನಮ್ಮ ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಎಂಟು ವರ್ಷದೊಳಗಿನ ಹುಡುಗಿಗೆ ಮದುವೆ ಮಾಡಬಾರದು, ಐವತ್ತು ದಾಟಿದವನು ಹದಿನಾಲ್ಕರೊಳಗಿನವಳನ್ನು ಕಟ್ಟಿಕೊಳ್ಳಬಾರದು ಎಂದು ಕಾನೂನು ಮಾಡಿದರು. ಎಂಟು! ಅದಕ್ಕೂ ಕೂಗಾಡಿದವರಿದ್ದರು. 1929ರ ಶಾರದಾ ಕಾಯಿದೆಯಲ್ಲಿ ಹದಿನಾಲ್ಕು, 1978ರಲ್ಲಿ ಹದಿನೆಂಟು. 2006ರಲ್ಲಿ ಹೊಸ ಕಾಯಿದೆ ಬಂತು. ಅದಕ್ಕೆ ಕರ್ನಾಟಕ ತಂದ ತಿದ್ದುಪಡಿ 2017ರಲ್ಲಿ ಜಾರಿಯಾಗಿ, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದಾಯಿತು. ನಡೆದೇ ಇಲ್ಲ ಎಂದು ಲೆಕ್ಕ. ಅದೇ ವರ್ಷ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಬೇರೆ ರಾಜ್ಯಗಳೂ ಇದನ್ನು ಅನುಸರಿಸಿದರೆ ಒಳ್ಳೆಯದು ಎಂದಿತು. ಬ್ರಹ್ಮಲಿಪಿಯನ್ನು ವಿಧಾನಸೌಧದಲ್ಲಿ ಕೂತವರು ತಿದ್ದಬಹುದಾದರೆ ಮನೆಯಲ್ಲಿ ಕೂತ ನಾವು ತಿದ್ದಬಾರದೇ?

ತಿದ್ದುವ ಜಾಗ ಇರುವುದು ನಮ್ಮ ಕೈಯಲ್ಲೇ, ಹೆಂಗಸರ ಕೈಯಲ್ಲಿ. ಜಾತಕ ಹಿಡಿದು ಅಲೆಯುವವರು ಗಂಡಸರೇ ಇರಬಹುದು, ಆದರೆ "ಮೂಲಾನಾ? ಬೇಡ ಬಿಡಿ, ನಮ್ಮ ಯಜಮಾನರಿಗೆ ಬಿ.ಪಿ. ಬೇರೆ ಇದೆ" ಎಂದು ಅಡುಗೆಮನೆಯಿಂದ ಬರುವ ದನಿ ನಮ್ಮದು. ಬರುವ ಮದುವೆಯ ಕಾಲದಲ್ಲಿ ನಿಮ್ಮ ಮಗನಿಗೆ ಹೆಣ್ಣು ನೋಡುವಾಗ ಜಾತಕ ಕೇಳಬೇಡಿ. ಮಗಳಿಗೆ ಗಂಡು ಬಂದಾಗ ಜಾತಕ ಕೊಡಬೇಡಿ, ಮಗಳನ್ನು ಕೇಳಿ. ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯವರಿಗೆ ಮಂತ್ರಮಾಂಗಲ್ಯ ಮಾಡಿಸಿದರಲ್ಲ, ಯಾವ ಮಾವನೂ ಸಾಯಲಿಲ್ಲ.

ಆ ಎರಡು ಪುಸ್ತಕಕ್ಕೂ ಖಾಕಿ ರಟ್ಟು ಹಾಕಿ ಶಾಲೆಯ ಲೈಬ್ರರಿ ಬೀರುವಿನಲ್ಲಿಟ್ಟಿದ್ದೇನೆ. ಸಹೋದ್ಯೋಗಿಗಳು ಏನಾದರೂ ಅನ್ನಲಿ. ಇಂಗ್ಲಿಷ್ ಓದಲು ಬಾರದವರಿಗೆ ಶನಿವಾರ ಕೊನೆಯ ಪೀರಿಯಡ್‌ನಲ್ಲಿ ಕನ್ನಡದಲ್ಲಿ ಕಥೆ ಹೇಳುತ್ತೇನೆ. ಮೊದಲು ರೆನ್‌ಫ್ರಿ, ಆಮೇಲೆ ಹಿಡಿಂಬೆ. ಹತ್ತನೇ ತರಗತಿಯ ಕಪ್ಪುಹಲಗೆಯ ಎಡಮೂಲೆಯಲ್ಲಿ ಮಕ್ಕಳ ಸಹಾಯವಾಣಿಯ ನಂಬರು 1098 ಬರೆದಿದ್ದೇನೆ. ಯಾರೋ ದಿನವೂ ಅಳಿಸುತ್ತಾರೆ. ನಾನು ದಿನವೂ ಬರೆಯುತ್ತೇನೆ.